ಬೆಂಗಳೂರಿಗೆ ಒಂದ್ಸಲ ಸುಮ್ಮನೆ ಹೋಗಿ ಬನ್ನಿ

"ನಾಳಿದ್ದು ಬೆಂಗ್ಳೂರಿಗೆ ಹೋಗಿಬರಣ, ರೆಡಿಯಾಗಿರಮ್ಮ" ಅಂತ ಹೋದ ಚೈತ್ರದಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ ಮೊದಲ ಮಾತು, "ಯಾರಿಗೆ ಏನಾಯ್ತು?"

ಯಾರಿಗೂ ಏನೂ ಆಗಿಲ್ಲ, ಕರಗ ನೋಡಿಕೊಂಡು ಬರೋಣ ಅಂದೆ. ಸರಿ ಅಂದಳು. ಆದರೂ ಬೀರುವಿನ ಮೇಲಿದ್ದ ಆಸ್ಪತ್ರೆ ಫೈಲು ಇಳಿಸಿ ಬ್ಯಾಗಿನ ಪಕ್ಕ ಇಟ್ಟಳು. "ಹೆಂಗೂ ಹೋಗ್ತೀವಲ್ಲ, ಹಂಗೇ ತೋರಿಸ್ಕಂಡು ಬರಣ."

ಅಮ್ಮ ಇದುವರೆಗೆ ಬೆಂಗಳೂರಿಗೆ ಎಂಟೋ ಒಂಬತ್ತೋ ಸಲ ಹೋಗಿರಬಹುದು. ಅಪ್ಪನ ಆಪರೇಷನ್ನಿಗೆ, ಅದಾದ ಮೇಲೆ ಚೆಕಪ್ಪಿಗೆ ಮೂರ್ನಾಲ್ಕು ಸಲ, ತಂಗಿಯ ಬಾಣಂತನಕ್ಕೆ, ಮಾವನ ಮಗಳ ಮದುವೆಗೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಆಟೊ ಹತ್ತಿ ಆಸ್ಪತ್ರೆ ಗೇಟು, ಅಲ್ಲಿಂದ ಆಟೊ ಹತ್ತಿ ಮೆಜೆಸ್ಟಿಕ್ಕು. ಇಷ್ಟೇ ಅವಳ ಬೆಂಗಳೂರು. ನಿಮ್ಮ ಮನೆಯಲ್ಲೂ ಒಂದ್ಸಲ ಕೇಳಿ ನೋಡಿ. ಆಸ್ಪತ್ರೆ, ಕೋರ್ಟು, ಮದುವೆ, ಮಗನ ಕೆಲಸ ಬಿಟ್ಟು ಬೇರೆ ಯಾವ ಕಾರಣಕ್ಕೆ ನಮ್ಮ ಹೆಂಗಸರು ಬೆಂಗಳೂರು ಕಂಡಿದ್ದಾರೆ?

ಅದಕ್ಕೇ ಈ ಬರಹ. ವರ್ಷದಲ್ಲಿ ಒಂದು ದಿನ ಯಾವ ಕೆಲಸವೂ ಇಲ್ಲದೆ ಬೆಂಗಳೂರಿಗೆ ಹೋಗಿ ಅಂತ ಹೇಳೋಕೆ. ಹೋಗೋದಾದರೆ ಯುಗಾದಿ ಕಳೆದ ಮೇಲೆ ಹೋಗಿ. ನಮ್ಮ ಶಿರಾ ಸೀಮೆಯಲ್ಲಿ ಆ ಹೊತ್ತಿಗೆ ಹೊಲದಲ್ಲಿ ದೊಡ್ಡ ಕೆಲಸ ಇರುವುದಿಲ್ಲ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸವೂ ಮುಗಿಯುತ್ತಾ ಬಂದಿರುತ್ತದೆ. ಏಪ್ರಿಲ್ ಎರಡನೇ ವಾರಕ್ಕೆ ಮಕ್ಕಳಿಗೆ ರಜೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಮರಗಳೆಲ್ಲ ಹೂ ಬಿಟ್ಟು, ರಾಮನವಮಿಯ ಪಾನಕ, ಸಂಗೀತ, ಕರಗ ಎಲ್ಲಾ ಒಂದರ ಹಿಂದೆ ಒಂದು ಬರುತ್ತವೆ.

"ಕೆಲಸ ಇಲ್ಲದೆ ಯಾರಾದರೂ ಬೆಂಗಳೂರಿಗೆ ಹೋಗ್ತಾರಾ?" ಅಂತ ಅರಳಿಕಟ್ಟೆಯಲ್ಲಿ ಕೇಳುತ್ತಾರೆ, ಗೊತ್ತು. ಹೆಂಗಸರು ಹೋದರಂತೂ ಮುಗಿಯಿತು. "ಬಸ್ಸು ಫ್ರೀ ಮಾಡಿದ್ದೇ ಮಾಡಿದ್ದು, ಮನೆ ಬಿಟ್ಟು ಊರು ಸುತ್ತಾಕೆ ಹೊಂಟ್ರು." ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅವತ್ತಿನಿಂದ ಈ ಮಾತು ನಿಂತಿಲ್ಲ. ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಜೂನ್ ತಿಂಗಳಲ್ಲಿ ನಾನೂ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಹೆಂಗಸರು ನೂಕಾಡಿಕೊಂಡು ಬಸ್ ಹತ್ತುವ ಫೋಟೊ ತೆಗೆದು ಡೆಸ್ಕಿಗೆ ಕಳಿಸಿದ್ದೆ. ನಗೆಯಾಡುವಂಥ ಕ್ಯಾಪ್ಷನ್ನೂ ಬರೆದಿದ್ದೆ. ಅದೇ ಗಂಡಸರು ಕಾರು ಮಾಡಿಕೊಂಡು ಗೋವಾಕ್ಕೆ ಹೋದರೆ ನಾನು ಯಾವತ್ತೂ ಫೋಟೊ ತೆಗೆದವನಲ್ಲ. ಆ ಫೋಟೊದಲ್ಲಿದ್ದವರಲ್ಲಿ ಎಷ್ಟು ಜನ ಜೀವಮಾನದಲ್ಲಿ ಮೊದಲ ಸಲ ತಮ್ಮ ಇಷ್ಟಕ್ಕೆ ಬಸ್ ಹತ್ತಿದ್ದರೋ, ಅದನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಒಳ್ಳೆಯ ಸುದ್ದಿಯಾಗುತ್ತಿತ್ತು.

ಇರಲಿ. ಅಮ್ಮ, ದೊಡ್ಡಮ್ಮ, ನಾನು ಮೂವರೇ ಹೊರಟೆವು. ಫೈಲನ್ನು ವಾಪಸ್ ಬೀರುವಿನ ಮೇಲೆ ಇಡಿಸಲು ಅರ್ಧ ಗಂಟೆ ಹಿಡಿಯಿತು.

ಕರಗದ ದಿನವನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣವಿದೆ. ಬೆಂಗಳೂರಿನಲ್ಲಿ ಉಳಿಯೋದೆಲ್ಲಿ ಅನ್ನೋದೇ ನಮ್ಮವರ ದೊಡ್ಡ ಚಿಂತೆ. ಲಾಡ್ಜ್ ದುಡ್ಡು ಕೊಡುವ ಶಕ್ತಿ ಇಲ್ಲ. ದೊಡ್ಡಮ್ಮನ ಮಗ ಅಲ್ಲೇ ಇದ್ದಾನೆ. ಆದರೆ ನಾಲ್ಕು ಹುಡುಗರು ಸೇರಿ ಮಾಡಿಕೊಂಡಿರುವ ಒಂದು ರೂಮು, ಅಲ್ಲಿಗೆ ಹೋದರೆ ಅವನಿಗೂ ಮುಜುಗರ, ನಮಗೂ ಮುಜುಗರ. ಕರಗದ ರಾತ್ರಿ ಈ ತಾಪತ್ರಯವೇ ಇಲ್ಲ, ಪೇಟೆ ಪೂರ್ತಿ ಎದ್ದಿರುತ್ತದೆ. ಹಗಲು ತಿರುಗಿ, ರಾತ್ರಿ ಕರಗ ನೋಡಿ, ಬೆಳಗಿನ ಬಸ್ಸಿಗೆ ಊರು ಸೇರಬಹುದು.

ತುಮಕೂರು ರಸ್ತೆಯಿಂದ ಬರುವವರು ಮೆಜೆಸ್ಟಿಕ್ಕಿನವರೆಗೆ ಬಸ್ಸಿನಲ್ಲೇ ಕೂತು ಟ್ರಾಫಿಕ್ಕಿನಲ್ಲಿ ಬೇಯಬೇಕಿಲ್ಲ. 8ನೇ ಮೈಲಿ ಹತ್ತಿರ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಸಾಲಾಗಿ ಬರುತ್ತವೆ. ಮೆಟ್ರೊಗೆ ಶಕ್ತಿ ಇಲ್ಲ, ದುಡ್ಡು ಕೊಡಬೇಕು. ಬೇಡ ಅನ್ನುವವರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಆಧಾರ್ ಕಾರ್ಡ್ ಇದ್ದರಾಯಿತು. ಎಸ್ಕಲೇಟರ್ ಮುಂದೆ ದೊಡ್ಡಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಐದು ನಿಮಿಷ ನಿಂತಳು. ಕೊನೆಗೆ ಮೆಟ್ಟಿಲು ಹತ್ತಿಯೇ ಹೋದೆವು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಮೊದಲು ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಈಗ 240 ಎಕರೆ. ನಮ್ಮ ಶಿರಾದ ಖಾನ್ ಬಾಗ್ ತೋಟ ನೋಡಿಯೇ ಹೈದರನಿಗೆ ಇಂಥದ್ದೊಂದು ಮಾಡಬೇಕು ಅನ್ನಿಸಿತು ಅಂತ ಹೇಳುತ್ತಾರೆ. ಶಿರಾದಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ಅಮ್ಮನಿಗೆ ಹೇಳಿದಾಗ, "ಹಂಗಾರೆ ಇದು ನಮ್ಮೂರಿಂದೇ ಅನ್ನು" ಅಂದವಳೇ ಗಟ್ಟಿಯಾಗಿ ಕಾಲೂರಿ ನಡೆಯತೊಡಗಿದಳು.

ಲಾಲ್‌ಬಾಗಿನಲ್ಲಿ ಗಾಜಿನ ಮನೆ ನೋಡಿ ಎಲ್ಲರೂ ವಾಪಸ್ ಬರುತ್ತಾರೆ. ನೀವು ಆ ಬಂಡೆಯ ಮೇಲೂ ಹತ್ತಿ. ಮೇಲೆ ಕೆಂಪೇಗೌಡರ ಗೋಪುರ ಇದೆ. ಬಂಡೆಗೆ 300 ಕೋಟಿ ವರ್ಷ ವಯಸ್ಸಂತೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೂ ಇದೆ. ನಮ್ಮ ಕಡೆಯ ಬಂಡೆಯ ಹಾಗೇ ಕಾಲಿಗೆ ಬಿಸಿ ತಟ್ಟುತ್ತದೆ, ಬೆಳಗ್ಗೆಯೋ ಸಂಜೆಯೋ ಹತ್ತುವುದು ಒಳ್ಳೆಯದು. ಊರಿಂದ ತಂದ ಚಿತ್ರಾನ್ನದ ಗಂಟನ್ನು ಕೆಳಗೆ ಮರದ ನೆರಳಲ್ಲಿ ಬಿಚ್ಚಿದೆವು. ಮೇ ಹೊತ್ತಿಗೆ ಹೋಗುವವರಿಗೆ ಇಲ್ಲಿ ಮಾವಿನ ಮೇಳ ಸಿಗಬಹುದು. ಶ್ರೀನಿವಾಸಪುರ, ರಾಮನಗರದ ಬೆಳೆಗಾರರೇ ಕೂತು ಮಾರುತ್ತಾರೆ.

ಮರಗಳ ಬಗ್ಗೆ ಸ್ವಲ್ಪ ಹೇಳಬೇಕು. ಮೊಬೈಲಿನಲ್ಲಿ ನೀವು ನೋಡಿರುವ ಗುಲಾಬಿ ಬಣ್ಣದ ಬೆಂಗಳೂರು ಟಬೆಬುಯಾ ಮರದ್ದು. ಅದು ಶಿವರಾತ್ರಿ ಆಸುಪಾಸಿನ ಹೂವು. ಕರಗಕ್ಕೆ ಹೋದರೆ ಅದು ಉದುರಿ ಹೋಗಿರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಚೈತ್ರದಲ್ಲಿ ಸಿಗುವುದು ಹೊಂಗೆ, ನೀಲಿ ಜಕರಂಡದ ಕೊನೆಯ ಹೂವು, ಆಗತಾನೆ ಶುರುವಾಗುವ ಕತ್ತಿಕಾಯಿ ಮರದ ಕೆಂಪು. ಪುಸ್ತಕದಲ್ಲಿ ಗುಲ್‌ಮೊಹರ್, ಮೇ ಫ್ಲವರ್ ಅಂತ ಬರೆಯುತ್ತಾರಲ್ಲ, ನಾವು ಸ್ಕೂಲಿನಲ್ಲಿ ಕಾಯಿ ಹಿಡಿದು ಕತ್ತಿಯುದ್ಧ ಆಡುತ್ತಿದ್ದ ಅದೇ ಮರ.

ಇದು ತಾನಾಗಿ ಆದದ್ದಲ್ಲ. ಜರ್ಮನಿಯಿಂದ ಬಂದಿದ್ದ ಕ್ರುಂಬಿಗಲ್ ಎಂಬ ತೋಟಗಾರಿಕೆ ತಜ್ಞರು ಮೈಸೂರು ಮಹಾರಾಜರ ಕಾಲದಲ್ಲಿ, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ವರ್ಷವಿಡೀ ಊರಿನ ಯಾವುದಾದರೂ ಬೀದಿಯಲ್ಲಿ ಹೂವಿರಬೇಕು ಅನ್ನುವುದು ಅವರ ಲೆಕ್ಕ. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನ ಬೀದಿಗಳಲ್ಲಿ 15 ಲಕ್ಷ ಗಿಡ ನೆಡಿಸಿದರು.  ಇವತ್ತು ಐಟಿ ಕಂಪನಿಯ ಹುಡುಗರು ಸೆಲ್ಫಿ ತೆಗೆದುಕೊಳ್ಳುವ ಎಷ್ಟೋ ಮರಗಳು ಆ ಕಾಲದವು. ವಿದೇಶಿ ಮರ ಯಾಕೆ, ನಮ್ಮ ಹೊಂಗೆ, ಬೇವು, ಮುತ್ತುಗ ಸಾಲದೇ ಅಂತ ಪರಿಸರದವರು ಕೇಳುತ್ತಾರೆ. ಆ ಮಾತಲ್ಲಿ ನ್ಯಾಯವಿದೆ. ಆದರೆ ನಮ್ಮ ಊರುಗಳಲ್ಲಿ ರಸ್ತೆ ಅಗಲ ಮಾಡುವಾಗ ಹೊಂಗೆ ಮರಗಳನ್ನೇ ಕಡಿದು ಹಾಕಿ, ಮತ್ತೆ ಒಂದೂ ನೆಡದ ನಾವು ಆ ಜಗಳಕ್ಕೆ ಹೋಗುವ ಮುಂಚೆ ಸ್ವಲ್ಪ ಯೋಚಿಸಬೇಕು. ಅಮ್ಮ ಅಷ್ಟೂ ಬಣ್ಣದ ಮರ ಬಿಟ್ಟು ಒಂದು ಹೊಂಗೆ ಮರದ ಬುಡದಲ್ಲೇ ಕೂತಳು. ಕೆಳಗೆ ಮಂಡಕ್ಕಿ ಚೆಲ್ಲಿದ ಹಾಗೆ ಹೂ ಉದುರಿತ್ತು. "ನಮ್ ಬಾವಿ ದಂಡೆ ಮ್ಯಾಲೂ ಹಿಂಗೇ ಬೀಳದು" ಅಂದಳು. ಆ ಬಾವಿಯೂ ಈಗಿಲ್ಲ, ಮರವೂ ಇಲ್ಲ.

ಭಾನುವಾರ ಹೋಗುವವರು ಕಬ್ಬನ್ ಪಾರ್ಕಿಗೆ ಹೋಗಿ. ಅವತ್ತು ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಮಕ್ಕಳನ್ನು ಕೈಬಿಟ್ಟು ಓಡಲು ಬಿಡಬಹುದು. ಬಾಲಭವನವೂ ಅಲ್ಲೇ ಇದೆ. ಒಳಗೆ ಬರಲು ದುಡ್ಡಿಲ್ಲ. ಹೈಕೋರ್ಟಿಗೆ ಜಮೀನು ಕೇಸಿಗೆ ಅಂತ ಅಲೆದವರಿಗೆ ಗೊತ್ತಿರುತ್ತದೆ, ಅದೇ ಕೆಂಪು ಕಟ್ಟಡದ ಬೆನ್ನಿಗೇ ಇರುವ ಪಾರ್ಕು. ಇಷ್ಟು ವರ್ಷ ಆ ಗೇಟಿನ ಮುಂದೆಯೇ ವಕೀಲರಿಗೆ ಕಾದು ನಿಂತು, ಒಳಗೆ ಹೋಗಿ ಕಾಲು ಚಾಚದೇ ವಾಪಸ್ ಬಂದಿದ್ದೇವಲ್ಲ ಅನ್ನಿಸುತ್ತದೆ. ಮಾಲ್‌ಗಳ ವಿಷಯ ಕೇಳಬೇಡಿ. ಹೊರಗಿನ ಬಿಸಿಲು ತಪ್ಪುತ್ತದೆ ಅನ್ನೋದು ಬಿಟ್ಟರೆ ಅಲ್ಲಿ ನೋಡುವುದೇನೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳು ಒಪ್ಪಲಿಕ್ಕಿಲ್ಲ.

ರಾಮನವಮಿಯ ದಿನವೇ ಹೋದರೆ ಊಟದ ಖರ್ಚೂ ಅರ್ಧ ಉಳಿಯುತ್ತದೆ. ಹಳೇ ಬಡಾವಣೆಗಳಲ್ಲಿ ಬೀದಿಗೊಂದು ಶಾಮಿಯಾನ. ಆಟೊ ಚಾಲಕರು, ಅಂಗಡಿಯವರು, ದೇವಸ್ಥಾನದವರು ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಹಂಚುತ್ತಾ ನಿಂತಿರುತ್ತಾರೆ. ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ಲೋಟ ಚಾಚಿದರೆ ಸುರಿಯುತ್ತಾರೆ.

ನಾವು ಹೋದದ್ದು ರಾಮನವಮಿ ಕಳೆದು ಹುಣ್ಣಿಮೆಗೆ. ಆದರೆ ಸಂಗೀತ ಇನ್ನೂ ನಡೆದಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಹೆಚ್ಚುಕಮ್ಮಿ ಒಂದು ತಿಂಗಳು ನಡೆಯುತ್ತದೆ. ದೇಶದ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡಿ, ನುಡಿಸಿ ಹೋಗುತ್ತಾರೆ. ಪೆಂಡಾಲಿನೊಳಗೆ ಕೂರಲು ಟಿಕೆಟ್ ಬೇಕು. ನಾವು ಹೊರಗೇ ನಿಂತೆವು. ನಮ್ಮ ಹಾಗೇ ನಿಂತವರು ಇನ್ನೂ ಇದ್ದರು. ಸ್ಕೂಟರ್ ಮೇಲೆ ಕೂತ ಅಜ್ಜ ಒಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ದೊಡ್ಡಮ್ಮನಿಗೆ ರಾಗ ತಾಳ ಏನೂ ಗೊತ್ತಿಲ್ಲ. ಭಜನೆ ಮನೆಯಲ್ಲಿ ಹಾಡಿ ಗೊತ್ತು ಅಷ್ಟೆ. ಪಿಟೀಲು ಶುರುವಾದಾಗ ಮಾತು ನಿಲ್ಲಿಸಿದವಳು ಮುಕ್ಕಾಲು ಗಂಟೆ ಬಾಯಿ ಬಿಡಲಿಲ್ಲ. ದೊಡ್ಡಮ್ಮನನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಸಂಗತಿ ಅಂತ ಗೊತ್ತಾಗುತ್ತದೆ. ಸಂಗೀತ ಓದಿದವರಿಗೆ ಮಾತ್ರ ಅನ್ನುವವರು ಅವತ್ತು ಅವಳ ಮುಖ ನೋಡಬೇಕಿತ್ತು.

ಅಲ್ಲಿಂದ ಪೇಟೆಗೆ ನಡೆದೇ ಹೋಗಬಹುದು, ದೂರವಿಲ್ಲ.

ಈಗ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಉತ್ಸವ ಇದು. ನಡೆಸುವವರು ತಿಗಳರು. ಹೂವು, ತರಕಾರಿ ಬೆಳೆದು ಬದುಕಿದ ಜನ, ನಮ್ಮ ತುಮಕೂರು ಜಿಲ್ಲೆಯಲ್ಲೂ ಇದ್ದಾರೆ. ಬೆಂಗಳೂರಿನ ಅತಿ ದೊಡ್ಡ ಹಬ್ಬ ಯಾವುದು ಅಂತ ಕೇಳಿದರೆ ಅದು ರಾಜರದ್ದೂ ಅಲ್ಲ, ಕಂಪನಿಯವರದ್ದೂ ಅಲ್ಲ. ತೋಟದ ಕೆಲಸದವರದ್ದು. ನಮ್ಮ ಹಳ್ಳಿಯ ಜನ ಇದನ್ನು ನೋಡಬೇಕು ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಈ ಹಬ್ಬದಲ್ಲಿ ನಮ್ಮಂಥವರಿಗೆ ಹೊಟ್ಟೆ ಚುರುಕ್ಕೆನ್ನುವ ಸಂಗತಿಯೂ ಇದೆ. ಕರಗದ ಪೂಜೆಗೆ ಸಂಪಂಗಿ ಕೆರೆಯ ಹತ್ತಿರ ಹೋಗುವ ಪದ್ಧತಿ. ಆ ಕೆರೆಯ ಜಾಗದಲ್ಲಿ ಈಗ ಕಂಠೀರವ ಸ್ಟೇಡಿಯಂ ಇದೆ. ಉಳಿದಿರುವುದು ಪುಟ್ಟ ಕುಂಟೆ. ಆದರೂ ಅವರು ಆ ಕುಂಟೆಯ ಹತ್ತಿರಕ್ಕೇ ಹೋಗುತ್ತಾರೆ, ಕೆರೆ ಹೋಯಿತು ಅಂತ ಪದ್ಧತಿ ಬಿಟ್ಟಿಲ್ಲ. ನಾವು ಬಸ್ ಇಳಿಯುವ ಮೆಜೆಸ್ಟಿಕ್ ನಿಲ್ದಾಣ ಕೂಡ ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಇದನ್ನು ಹೇಳಿದಾಗ ಅಮ್ಮ ಕೇಳಿದ್ದು, "ಹಂಗಾರೆ ಅಚ್ಚುಕಟ್ಟು ಎಲ್ಲಿತ್ತು?" ಒಬ್ಬ ಪತ್ರಕರ್ತನಾಗಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ದ್ರೌಪದಮ್ಮ ವರ್ಷಕ್ಕೊಮ್ಮೆ ಚೈತ್ರದಲ್ಲಿ ತನ್ನ ವೀರಕುಮಾರರನ್ನು ನೋಡಲು ಬರುತ್ತಾಳೆ ಅನ್ನುವುದು ನಂಬಿಕೆ. ಹುಣ್ಣಿಮೆಯ ರಾತ್ರಿ ಪೂಜಾರಿ ಹೆಣ್ಣಿನ ಹಾಗೆ ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಮುಚ್ಚಿದ ಗೋಪುರದಂಥ ಕರಗವನ್ನು ತಲೆ ಮೇಲೆ ಹೊತ್ತು ಹೊರಬರುತ್ತಾರೆ. ಕೈಯಲ್ಲಿ ಹಿಡಿದುಕೊಳ್ಳುವ ಹಾಗಿಲ್ಲ. ಸುತ್ತ ಬರೀ ಮೈಯ ವೀರಕುಮಾರರು, ಕೈಯಲ್ಲಿ ಬಿಚ್ಚುಕತ್ತಿ, ಬಾಯಲ್ಲಿ ಗೋವಿಂದಾ. ನಡುರಾತ್ರಿ ಕಳೆದು ಎಷ್ಟೋ ಹೊತ್ತಿಗೆ ಹೊರಡುವ ಕರಗ ಪೇಟೆ ಬೀದಿಗಳನ್ನೆಲ್ಲ ಸುತ್ತಿ ಬೆಳಕು ಹರಿಯುವಾಗ ಗುಡಿಗೆ ವಾಪಸ್ಸಾಗುತ್ತದೆ. ದೇವಸ್ಥಾನದ ಬಾಗಿಲ ಮುಂದೆ ನೂಕಾಟ ಜೋರು, ಅಲ್ಲಿಗೆ ಹೋಗಬೇಡಿ. ಮೆರವಣಿಗೆ ಬರುವ ಯಾವುದಾದರೂ ಬೀದಿಯಲ್ಲಿ ಅಂಗಡಿ ಜಗಲಿ ಹಿಡಿದು ಕೂತುಬಿಡಿ. ನಾವು ಹಾಗೇ ಮಾಡಿದೆವು. ಅಮ್ಮ ಜಗಲಿಯ ಮೇಲೆ ಸೆರಗು ಹೊದ್ದು ಒಂದು ನಿದ್ದೆಯನ್ನೂ ಮುಗಿಸಿದಳು. ಕರಗ ನಮ್ಮ ಮುಂದೆ ಹಾದದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಬೀದಿಯ ಎರಡೂ ಕಡೆಯಿಂದ ಮಲ್ಲಿಗೆ ಎರಚಿದರು. ಮಾರನೇ ದಿನ ಊರಿಗೆ ಬಂದು ಜಡೆ ಬಿಚ್ಚಿದಾಗಲೂ ದೊಡ್ಡಮ್ಮನ ಕೂದಲಲ್ಲಿ ನಾಲ್ಕು ಎಸಳು ಇತ್ತು.

ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಕರಗ ಹೋಗುತ್ತದೆ. ಹೋಗದೇ ಹಬ್ಬ ಪೂರ್ತಿಯಾಗುವುದಿಲ್ಲ. ಟಿವಿಯವರು ಪ್ರತಿ ವರ್ಷ ಇದನ್ನು ಅಚ್ಚರಿ ಅನ್ನುವ ಹಾಗೆ ತೋರಿಸುತ್ತಾರೆ. ದೊಡ್ಡಮ್ಮನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. "ನಮ್ ಬಾಬಯ್ಯನ ಹಬ್ಬ ಇದ್ದಂಗೆ" ಅಂದು ಸುಮ್ಮನಾದಳು.

ಕಷ್ಟಗಳನ್ನೂ ಹೇಳದಿದ್ದರೆ ಮೋಸ ಮಾಡಿದಂತಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆಂಗಸರಿಗೆ ಶೌಚಾಲಯ. ಹಗಲು ಲಾಲ್‌ಬಾಗಿನಲ್ಲಿ, ಮೆಟ್ರೊ ಸ್ಟೇಷನ್ನುಗಳಲ್ಲಿ ಸಿಗುತ್ತದೆ. ರಾತ್ರಿ ಮೆಟ್ರೊ ಬಾಗಿಲು ಹಾಕಿದ ಮೇಲೆ ಪೇಟೆಯಲ್ಲಿ ಪರದಾಟ. ಅಮ್ಮ, ದೊಡ್ಡಮ್ಮ ಸಂಜೆಯಿಂದಲೇ ನೀರು ಕುಡಿಯುವುದನ್ನು ಕಮ್ಮಿ ಮಾಡಿದ್ದರು ಅಂತ ನನಗೆ ಗೊತ್ತಾದದ್ದು ವಾಪಸ್ ಬರುವಾಗ. ಏಪ್ರಿಲ್ ಸೆಕೆಯಲ್ಲಿ! ಲಕ್ಷಾಂತರ ಜನ ಸೇರುವ ರಾತ್ರಿಗೆ ಪೊಲೀಸ್ ಬಂದೋಬಸ್ತ್ ಮಾಡುವವರಿಗೆ ಹೆಂಗಸರ ಶೌಚಾಲಯದ ಬಂದೋಬಸ್ತೂ ಮಾಡಬೇಕು ಅಂತ ಯಾಕೆ ಹೊಳೆಯುವುದಿಲ್ಲ? ಫ್ರೀ ಬಸ್ಸಿನಲ್ಲಿ ಊರು ಸುತ್ತುತ್ತಾರೆ ಅಂತ ಆಡಿಕೊಳ್ಳುವ ಬದಲು ಬರೆಯಬೇಕಾದ ಸುದ್ದಿ ಇದು.

ಇನ್ನು ಚಿಕ್ಕ ಮಕ್ಕಳಿದ್ದರೆ ಕರಗದ ರಾತ್ರಿ ಬೇಡ, ರಾಮನವಮಿ ಹಗಲಿಗೆ ಹೋಗಿ ಸಂಜೆಗೆ ಬನ್ನಿ. ಸರವನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಜನಜಂಗುಳಿಯಲ್ಲಿ ಫೋನ್ ಹೊಡೆದುಕೊಂಡರೂ ಕೇಳಿಸುವುದಿಲ್ಲ. ಶಕ್ತಿ ಟಿಕೆಟ್ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ ಹತ್ತಿ ಕಂಡಕ್ಟರ್ ಜೊತೆ ಜಗಳ ಆಡಬೇಡಿ. ನಮಗೆ ಮೂವರಿಗೆ ನನ್ನ ಬಸ್ ಚಾರ್ಜು, ಲಾಲ್‌ಬಾಗ್ ಟಿಕೆಟ್, ಮೆಟ್ರೊ, ರಾತ್ರಿ ಊಟ, ನಾಲ್ಕು ಸಲದ ಕಾಫಿ ಸೇರಿ ಸಾವಿರದ ಆಸುಪಾಸು ಆಯಿತು. ಒಂದು ಸಲದ ಸ್ಕ್ಯಾನಿಂಗಿಗೆ ಇದಕ್ಕಿಂತ ಹೆಚ್ಚು ಕೊಟ್ಟು ಬಂದಿದ್ದೇವೆ.

ಬೆಳಕು ಹರಿಯುವ ಹೊತ್ತಿಗೆ ಕೆ.ಆರ್. ಮಾರ್ಕೆಟ್ಟಿನ ಹೂವಿನ ಮಂಡಿ ನೋಡಿ, ಅಲ್ಲೇ ಇಡ್ಲಿ ತಿಂದು ಮೆಜೆಸ್ಟಿಕ್ಕಿಗೆ ಬಂದೆವು. ಮಂಡಿಯಲ್ಲಿ ಅಮ್ಮ ಅರ್ಧ ಗಂಟೆ ನಿಂತಳು. ಕೊಳ್ಳಲು ಅಲ್ಲ, ರೇಟು ಕೇಳಲು. ನಮ್ಮೂರಲ್ಲಿ ಏಜೆಂಟ್ ಕನಕಾಂಬರಕ್ಕೆ ಕೊಡುವ ದರಕ್ಕೂ ಅಲ್ಲಿ ಕೂಗುತ್ತಿದ್ದ ದರಕ್ಕೂ ಇರುವ ಅಂತರವನ್ನು ಬಸ್ಸಿನಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಆ ಲೆಕ್ಕದ ಜಗಳ ಏಜೆಂಟನ ಜೊತೆ ಇನ್ನೂ ನಡೆದಿದೆ, ಅದು ಇನ್ನೊಂದು ಬರಹಕ್ಕೆ.

ಊರಲ್ಲಿ ಬಸ್ ಇಳಿದಾಗ ಕಟ್ಟೆಯ ಮೇಲೆ ಕೂತಿದ್ದವರು ಕೇಳಿದರು, "ಏನಮ್ಮೋ, ಡಾಕ್ಟ್ರು ಏನಂದ್ರು?" ದೊಡ್ಡಮ್ಮ ನಿಂತು, "ಡಾಕ್ಟ್ರು ತಾವ ಹೋಗಿರ್ಲಿಲ್ಲ, ಕರಗ ನೋಡಾಕೆ ಹೋಗಿದ್ವಿ" ಅಂದಳು. ಅವರಿಗೆ ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ.

ಮುಂದಿನ ಚೈತ್ರ ಹುಣ್ಣಿಮೆ ಯಾವತ್ತು ಅಂತ ದೊಡ್ಡಮ್ಮ ಆಗಲೇ ಪಂಚಾಂಗ ನೋಡಿಸಿದ್ದಾಳೆ. ಸೊಸೆ, ಪಕ್ಕದ ಮನೆಯ ಇಬ್ಬರು, ಅಮ್ಮ, ಒಟ್ಟು ಐದು ಜನ ಹೋಗುವುದಂತೆ. ನಾನೂ ಬರಲಾ ಅಂದೆ. "ದಾರಿ ಗೊತ್ತಾತಲ್ಲ, ನೀನ್ಯಾಕೆ" ಅಂದಳು.